ಮನೆಯೊಳಗಿನ ರಸಭರಿತ ಸಸ್ಯಗಳು: ಮದ್ದಲ್ಲ, ಒಡನಾಡಿ

ಪರನಾಡಿನಲ್ಲಿ ನೆಲೆಸಿದ ಕನ್ನಡಿಗರಿಗೆ ಹಿತ್ತಿಲೆಂಬುದು ಬಹುಮಟ್ಟಿಗೆ ನೆನಪಿನ ವಸ್ತುವಾಗಿದೆ. ಔರಂಗಾಬಾದ್ ಎಂದಿದ್ದು 2023ರಲ್ಲಿ ಛತ್ರಪತಿ ಸಂಭಾಜಿನಗರವಾದ ಊರಿನ ಚಿಕಲಠಾಣಾ ಭಾಗವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಜಾಲ್ನಾ ರಸ್ತೆಯ ಬದಿಗೆ ವಿಮಾನ ನಿಲ್ದಾಣ ಮತ್ತು ಕೈಗಾರಿಕಾ ವಸಾಹತು. ಅವುಗಳ ಸುತ್ತ ಎರಡು ಮೂರು ಕೋಣೆಗಳ ಮನೆಗಳು. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ. ಊರಿಗೆ ನೀರು ಪೈಠಣದ ಜಾಯಕವಾಡಿ ಜಲಾಶಯದಿಂದ ಬರಬೇಕು. ಇಂಥ ಮನೆಗಳ ಕಿಟಕಿಗೆ ಲೋಳೆಸರ, ಕಾಡುಬಸಳೆ, ಜೇಡ್ ಮೊದಲಾದ ರಸಭರಿತ ಸಸ್ಯಗಳು ತಕ್ಕ ಆಯ್ಕೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವು ಕೋಣೆಯ ಗಾಳಿಯನ್ನು ಶುದ್ಧಗೊಳಿಸುತ್ತವೆ, ಸಕಲ ರೋಗಗಳಿಗೂ ಮದ್ದಾಗುತ್ತವೆ ಎಂಬ ನಂಬಿಕೆಗಳು ಗಿಡಗಳ ಜೊತೆಗೇ ಮನೆಯೊಳಗೆ ಬರುತ್ತಿರುವುದು ಚಿಂತನೆಗೆ ಎಡೆಮಾಡಿದೆ.

ಈ ಸಸ್ಯಗಳ ನಿಜವಾದ ಸ್ವಭಾವವನ್ನು ಗುರುತಿಸಿದ ಇತಿಹಾಸದಲ್ಲಿ ಕನ್ನಡನಾಡಿನ ಸಂಬಂಧವೂ ಉಂಟು. ಟಿಪ್ಪುವಿನ ಪತನದ ಅನಂತರ ಲಾಲ್‌ಬಾಗಿನ ಉಸ್ತುವಾರಿಯನ್ನು ಕೆಲಕಾಲ ಹೊತ್ತಿದ್ದ ಸಸ್ಯವಿಜ್ಞಾನಿ ಬೆಂಜಮಿನ್ ಹೇಯ್ನ್, ಕಾಡುಬಸಳೆಯ ಎಲೆಯು ಮುಂಜಾನೆ ಹುಳಿಯಾಗಿದ್ದು ಮಧ್ಯಾಹ್ನಕ್ಕೆ ಸಪ್ಪೆಯಾಗುವುದನ್ನು ರುಚಿ ನೋಡಿ ಕಂಡುಕೊಂಡನು. ಆ ವಿಷಯದ ಅವನ ಪತ್ರವು 1815ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ಕಾರಣ ಸರಳವಾದುದು. ನೀರು ಆವಿಯಾಗಿ ಹೋಗದಿರಲೆಂದು ಈ ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿ, ರಾತ್ರಿ ತೆರೆದು, ಇಂಗಾಲಾಮ್ಲವನ್ನು ಹೀರಿ ಹುಳಿಯ ರೂಪದಲ್ಲಿ ಕೂಡಿಡುತ್ತವೆ; ಬಿಸಿಲು ಬಂದಾಗ ಅದನ್ನೇ ಬಳಸಿ ಆಹಾರವನ್ನು ತಯಾರಿಸಿಕೊಳ್ಳುತ್ತವೆ. ಆಮ್ಲಜನಕ ಹುಟ್ಟುವುದು ಬೆಳಕಿನಲ್ಲಿಯೇ ಹೊರತು ಕತ್ತಲಲ್ಲಿ ಅಲ್ಲ. ಆದುದರಿಂದ ಮಲಗುವ ಕೋಣೆಗೆ ರಾತ್ರಿಯಿಡೀ ಆಮ್ಲಜನಕ ಕೊಡುವ ಗಿಡವೆಂಬ ಪ್ರಚಾರಕ್ಕೆ ಆಧಾರವಿಲ್ಲ. ಗಾಳಿ ಶುದ್ಧಿಯ ಮಾತಿಗೆ ಆಧಾರವಾಗಿ ಹೇಳುವ ನಾಸಾ ಸಂಸ್ಥೆಯ 1989ರ ವರದಿಯೂ ಮುಚ್ಚಿದ ಪೆಟ್ಟಿಗೆಗಳಲ್ಲಿ ನಡೆದ ಪ್ರಯೋಗದ್ದು. ವಾಸದ ಮನೆಗೆ ತೆರೆದ ಕಿಟಕಿಯೇ ಮೇಲು.

ಗಿಡದ ಈ ಮಿತವ್ಯಯವನ್ನು ಅರಿತವರಿಗೆ ಅದರ ಪಾಲನೆ ಕಷ್ಟವಲ್ಲ. ಮನೆಯೊಳಗಿನ ರಸಭರಿತ ಸಸ್ಯಗಳು ಬಾಯಾರಿ ಸಾಯುವುದು ವಿರಳ. ಅತಿಯಾದ ನೀರಿನಿಂದ ಬೇರು ಕೊಳೆತು ಸಾಯುವುದೇ ಹೆಚ್ಚು. ಮರಾಠವಾಡದ ಎರೆಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದೊಂದನ್ನೇ ಕುಂಡಕ್ಕೆ ತುಂಬುವುದು ಸಲ್ಲದು. ಒಂದು ಪಾಲು ಮಣ್ಣಿಗೆ ಎರಡು ಪಾಲು ದಪ್ಪ ಮರಳು ಅಥವಾ ಇಟ್ಟಿಗೆಯ ಚೂರು ಬೆರೆಸಬೇಕು. ಕುಂಡದ ತಳದಲ್ಲಿ ರಂಧ್ರವಿರಬೇಕು. ಮಣ್ಣು ಆಳದವರೆಗೆ ಒಣಗಿದ ಮೇಲೆ ಮಾತ್ರ ನೀರೆರೆಯಬೇಕು. ಕೆಳಗಿನ ತಟ್ಟೆಯಲ್ಲಿ ನೀರು ನಿಂತರೆ ಡೆಂಗ್ಯೂ ಹರಡುವ ಸೊಳ್ಳೆಗೆ ಅದೇ ತೊಟ್ಟಿಲು. ಪೂರ್ವದ ಕಿಟಕಿ ಉತ್ತಮ; ಏಪ್ರಿಲ್, ಮೇ ತಿಂಗಳುಗಳ ಪಡುವಣ ಬಿಸಿಲು ಗಾಜಿನ ಮೂಲಕ ಬಿದ್ದು ಎಲೆಯನ್ನು ಸುಡುತ್ತದೆ.

ಸಸಿ ಮಾಡುವ ವಿಧಾನವು ಗಿಡಕ್ಕೊಂದು. ಕಾಡುಬಸಳೆಯ ಎಲೆಯನ್ನು ಹಸಿ ಮರಳಿನ ಮೇಲೆ ಇರಿಸಿದರೆ ಸಾಕು, ಅಂಚಿನ ಕಚ್ಚುಗಳಲ್ಲಿ ಮರಿಗಳು ಮೂಡುತ್ತವೆ. ಮರಾಠಿಗರು ಇದನ್ನು ‘ಪಾನಫುಟಿ’ ಎನ್ನುವುದು ಇದರಿಂದಲೇ. ಲೋಳೆಸರದ ಎಲೆ ಬೇರು ಬಿಡದೆ ಕೊಳೆಯುತ್ತದೆ, ಬುಡದ ಮರಿಯನ್ನೇ ಬೇರ್ಪಡಿಸಬೇಕು. ಜೇಡ್ ಗಿಡದ ಕಡ್ಡಿಯನ್ನು ಕೆಲವು ದಿನ ನೆರಳಿನಲ್ಲಿಟ್ಟು, ಕತ್ತರಿಸಿದ ಭಾಗ ಒಣಗಿದ ಮೇಲೆ ನೆಡಬೇಕು.

ಇನ್ನು ಔಷಧಿಯ ಮಾತು. ಕಾಡುಬಸಳೆಯ ಎಲೆಯನ್ನು ಮೂತ್ರಪಿಂಡದ ಕಲ್ಲಿಗೆಂದು ಅಗಿಯುವ ರೂಢಿ ಇದೆ. ಆದರೆ ಆ ಗಿಡದಲ್ಲಿ ಹೃದಯದ ಬಡಿತವನ್ನು ಏರುಪೇರು ಮಾಡಬಲ್ಲ ಅಂಶಗಳಿವೆ. ಅದನ್ನು ಮೇದ ದನಗಳು ಸತ್ತುದುಂಟು. ಲೋಳೆಸರದ ಸಿಪ್ಪೆಯಡಿಯ ಹಳದಿ ರಸವು ತೀವ್ರ ಭೇದಿಕಾರಕ, ಗರ್ಭಿಣಿಯರಿಗಂತೂ ವರ್ಜ್ಯ. ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಊರಿನಲ್ಲಿ ಯಾವ ಗಿಡವನ್ನು ಎಷ್ಟು ಕೊಡಬೇಕೆಂದು ತಿಳಿದ ಹಿರಿಯರೊಬ್ಬರು ಇರುತ್ತಿದ್ದರು. ನಗರದ ಮನೆಗೆ ಗಿಡ ಬಂದಿದೆ, ಆ ಅರಿವು ಬಂದಿಲ್ಲ. ಕಿಟಕಿಯ ಕುಂಡವನ್ನು ನಂಬಿ ವೈದ್ಯರ ಬಳಿಗೆ ಹೋಗುವುದನ್ನು ಮುಂದೂಡುವುದು ವಿವೇಕವಲ್ಲ.

ಹಾಗಾದರೆ ಇವುಗಳ ಪ್ರಯೋಜನವೇನು? ದಿನದ ದುಡಿಮೆಯಿಂದ ಮರಳಿದವರಿಗೆ ಮನೆಯಲ್ಲಿ ಜೀವಂತವಾದ ಹಸಿರೊಂದು ಇರುವುದು ಸಣ್ಣ ಲಾಭವಲ್ಲ. ಅಲ್ಲದೆ ಒಂದು ಎಲೆಯಿಂದ ಹತ್ತು ಮನೆಗೆ ಗಿಡವಾಗುತ್ತದೆ. ಕನ್ನಡ ಸಂಘಗಳು ರಾಜ್ಯೋತ್ಸವದಂದು ಗಣ್ಯರಿಗೆ ಅರ್ಪಿಸುವ ಹಾರ ತುರಾಯಿಗಳು ಮರುದಿನವೇ ಬಾಡುತ್ತವೆ. ಅವುಗಳ ಬದಲು ಸದಸ್ಯರ ಮನೆಯಲ್ಲಿ ಬೇರೂರಿದ ಸಸಿಯನ್ನು, ಅದರ ಕನ್ನಡ ಹೆಸರು ಮತ್ತು ಎಚ್ಚರಿಕೆಯ ಎರಡು ಸಾಲು ಬರೆದ ಚೀಟಿಯೊಂದಿಗೆ ನೀಡುವುದು ಉಚಿತ. ಕಾಡುಬಸಳೆಯೂ ಮಡಗಾಸ್ಕರದಿಂದ ಬಂದ ವಲಸೆಯ ಗಿಡವೇ. ಇಂದು ಅದಕ್ಕೆ ಕನ್ನಡದಲ್ಲೊಂದು, ಮರಾಠಿಯಲ್ಲೊಂದು ಹೆಸರಿದೆ. ನೆರೆಯ ಮರಾಠಿ ಮನೆಗೂ ಒಂದು ಎಲೆಯನ್ನು ಕೊಡಲು ಅಷ್ಟು ಪರಿಚಯ ಸಾಕು.