ಮನೆಯನ್ನು ವರ್ಣಿಸಿರಿ, ಮನುಷ್ಯನನ್ನಲ್ಲ

ಮನೆ ಮಾರಹೊರಟವನು ಮೊದಲು ಯೋಚಿಸಬೇಕಾದುದು ಬೆಲೆಯ ಬಗ್ಗೆಯಲ್ಲ, ಈ ಮನೆ ಯಾರಿಗೆ ಬೇಕಾದೀತು ಎಂಬುದರ ಬಗ್ಗೆ. ಎಲ್ಲರಿಗೂ ಒಪ್ಪುವ ಮನೆ ಎಂಬುದಿಲ್ಲ. ಒಂದೇ ಮಲಗುವ ಕೋಣೆಯ ಮನೆ ಹೊಸದಾಗಿ ಸಂಸಾರ ಹೂಡಿದವರಿಗೆ ಸಾಕು. ಮೆಟ್ಟಿಲು ಹತ್ತಬೇಕಿಲ್ಲದ ಮನೆ ವೃದ್ಧರಿಗೆ ನೆಮ್ಮದಿ. ಶಾಲೆ ಹತ್ತಿರವಿದ್ದರೆ ಮಕ್ಕಳಿರುವವರು ಹುಡುಕಿಕೊಂಡು ಬರುತ್ತಾರೆ. ಬ್ಯಾಂಕ್ ಸಾಲ ಪಡೆದು ಕೊಳ್ಳುವ ನೌಕರನಿಗೆ ಮಾರಬೇಕೆಂದಿದ್ದರೆ ಖಾತಾ, ಋಣಭಾರ ಪ್ರಮಾಣಪತ್ರ, ತೆರಿಗೆ ರಶೀದಿಗಳು ಮೊದಲೇ ಸಿದ್ಧವಿರಬೇಕು. ಹೀಗೆ ಅಗತ್ಯ ಮತ್ತು ಸಾಮರ್ಥ್ಯವನ್ನು ಅಳೆದು ಗ್ರಾಹಕನನ್ನು ಗುರುತಿಸುವುದು ವ್ಯಾಪಾರದ ವಿವೇಕ. ಅದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ.

ಆದರೆ ನಮ್ಮ ನಗರಗಳಲ್ಲಿ ಇನ್ನೊಂದು ಜರಡಿಯೂ ಬಳಕೆಯಲ್ಲಿದೆ. ದೂರವಾಣಿಯಲ್ಲಿ ಹೆಸರು ಕೇಳಿದೊಡನೆ, ಕ್ಷಣದ ಹಿಂದೆ ಮಾರಾಟಕ್ಕಿದ್ದ ಮನೆ ಮಾರಾಟವಾಗಿಬಿಟ್ಟಿರುತ್ತದೆ! ಕೊಳ್ಳುವವನ ಜೇಬನ್ನು ನೋಡಬೇಕಾದವನು ಅವನ ಜಾತಿ, ಧರ್ಮ, ಅಡುಗೆಮನೆಗಳನ್ನು ನೋಡತೊಡಗಿದರೆ ಅದನ್ನು ಗ್ರಾಹಕರ ಆಯ್ಕೆ ಎನ್ನಬೇಕೇ ಅಥವಾ ಪೂರ್ವಗ್ರಹ ಎನ್ನಬೇಕೇ?

ಅಮೆರಿಕವು ಈ ಪ್ರಶ್ನೆಗೆ 1968ರಲ್ಲಿಯೇ ಕಾನೂನಿನ ಮೂಲಕ ಉತ್ತರಿಸಿತು. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದೇ ವಾರದಲ್ಲಿ ಜಾರಿಗೆ ಬಂದ ನ್ಯಾಯಯುತ ವಸತಿ ಕಾಯ್ದೆಯು ಜನಾಂಗ, ವರ್ಣ, ಧರ್ಮ, ರಾಷ್ಟ್ರೀಯ ಮೂಲಗಳ ಆಧಾರದಲ್ಲಿ ಮನೆ ನಿರಾಕರಿಸುವುದನ್ನು ಮಾತ್ರವಲ್ಲ, ಜಾಹೀರಾತಿನಲ್ಲಿ ಅಂಥ ಒಲವು ಸೂಚಿಸುವುದನ್ನೂ ನಿಷೇಧಿಸಿತು. ಮನೆಯನ್ನು ವರ್ಣಿಸಿರಿ, ಕೊಳ್ಳುವವನನ್ನಲ್ಲ ಎಂಬುದು ಅಲ್ಲಿನ ದಲ್ಲಾಳಿಗಳು ಕಲಿಯುವ ಪಾಠ. ಆದರೂ ರೋಗ ಹೊಸ ವೇಷದಲ್ಲಿ ಮರಳಿತು. ವಸತಿ ಜಾಹೀರಾತು ಯಾರಿಗೆ ಕಾಣಬೇಕು, ಯಾರಿಗೆ ಕಾಣಬಾರದು ಎಂಬುದನ್ನು ಯಂತ್ರವೇ ನಿರ್ಧರಿಸುತ್ತಿದೆ ಎಂದು 2019ರಲ್ಲಿ ಅಲ್ಲಿನ ವಸತಿ ಇಲಾಖೆಯು ಫೇಸ್‌ಬುಕ್ ಮೇಲೆ ಆರೋಪ ಹೊರಿಸಿತು. 2022ರಲ್ಲಿ ಅದರ ಒಡೆತನದ ಮೆಟಾ ಕಂಪೆನಿಯು ರಾಜಿಗೊಪ್ಪಿ 1,15,054 ಡಾಲರ್ ದಂಡ ತೆತ್ತು, ಆ ಜಾಹೀರಾತು ಸಾಧನವನ್ನು ಕೈಬಿಡಲು ಸಮ್ಮತಿಸಿತು.

ನಮ್ಮಲ್ಲೋ? ಸಂವಿಧಾನದ 15(2)ನೇ ವಿಧಿಯು ಅಂಗಡಿ, ಹೋಟೆಲು, ಬಾವಿ, ಕೆರೆಗಳನ್ನು ಹೆಸರಿಸಿದೆ, ಮನೆಯನ್ನು ಹೆಸರಿಸಿಲ್ಲ. ಅಹ್ಮದಾಬಾದಿನ ಪಾರ್ಸಿ ವಸತಿ ಸಹಕಾರ ಸಂಘವೊಂದು ತನ್ನ ಸದಸ್ಯತ್ವವನ್ನು ಪಾರ್ಸಿಗಳಿಗಷ್ಟೇ ಸೀಮಿತಗೊಳಿಸಿದ್ದನ್ನು ಸುಪ್ರೀಂ ಕೋರ್ಟ್ 2005ರಲ್ಲಿ ಎತ್ತಿಹಿಡಿಯಿತು. ಹೀಗಾಗಿ ವಿಷಯವು ಬಹುಪಾಲು ಮಾರುವವನ ಆತ್ಮಸಾಕ್ಷಿಗೇ ಬಿಟ್ಟಿದೆ.

ಈ ಮಾತನ್ನು ನಾವು ಇತರರಿಗಷ್ಟೇ ಹೇಳುತ್ತಿಲ್ಲ. 'ಮುಸ್ಲಿಮರಿಗೆ ಮಾತ್ರ' ಎಂಬ ಷರತ್ತು ನಮ್ಮವರ ಬಾಯಲ್ಲೂ ಕೇಳಿಬರುತ್ತದೆ. ಹೊರಗೆ ಬಾಗಿಲು ಮುಚ್ಚಿದಾಗ ನೋಯುವವರು ಒಳಗಿನಿಂದ ಅಗುಳಿ ಹಾಕುವುದು ಯಾವ ನ್ಯಾಯ? ಭಯದಿಂದ ಒಂದೆಡೆ ಕೂಡುವವರ ಸಂಕಟ ನಮಗೆ ಗೊತ್ತು. ಆದರೆ ಪ್ರತಿಯೊಂದು ಷರತ್ತೂ ಆ ಗೋಡೆಗೆ ಇನ್ನೊಂದು ಇಟ್ಟಿಗೆಯೇ. ಇಸ್ಲಾಮೀ ನ್ಯಾಯಶಾಸ್ತ್ರದಲ್ಲಿ ಶುಫ್‌ಅ ಎಂಬ ಅಧ್ಯಾಯವಿದೆ. ಹನಫೀ ವಿದ್ವಾಂಸರು ಅದರಡಿ ಮಾರಾಟವಾಗುವ ಮನೆಯನ್ನು ಕೊಳ್ಳುವ ಆದ್ಯತೆಯ ಹಕ್ಕನ್ನು ನೆರೆಯವನಿಗೂ ಕೊಟ್ಟರು. ಆ ಹಕ್ಕಿನಲ್ಲಿ ಮುಸ್ಲಿಮ್ ಮತ್ತು ಮುಸ್ಲಿಮೇತರ ಪ್ರಜೆ ಸಮಾನರೆಂದೂ ಹೇಳಿದರು. ಅಲ್ಲಿ ಪರಿಗಣಿತವಾದದ್ದು ನೆರೆತನ, ಧರ್ಮವಲ್ಲ.

ಲೆಕ್ಕಾಚಾರದ ದೃಷ್ಟಿಯಿಂದಲೂ ಈ ಜರಡಿ ನಷ್ಟದ್ದೇ. ಕೊಳ್ಳಬಲ್ಲವರ ಸಂಖ್ಯೆ ಕುಗ್ಗಿದಷ್ಟೂ ಪೈಪೋಟಿ ಕುಗ್ಗುತ್ತದೆ, ಬೆಲೆಯೂ ಇಳಿಯುತ್ತದೆ. ಆದ್ದರಿಂದ ಮನೆಯ ಅಳತೆ, ನೀರು, ದಾರಿ, ದಾಖಲೆ, ಬೆಲೆಗಳನ್ನು ಮುಚ್ಚುಮರೆಯಿಲ್ಲದೆ ಹೇಳಿರಿ; ಗೋಡೆಯಲ್ಲಿ ಬಿರುಕಿದ್ದರೆ ಅದನ್ನೂ ತೋರಿಸಿರಿ. ಆ ಮನೆ ಯಾರಿಗೆ ಹೊಂದುತ್ತದೆಯೋ ಅವರು ತಾವಾಗಿಯೇ ಬರುತ್ತಾರೆ. ಬಂದವರ ಹೆಸರನ್ನು ಕ್ರಯಪತ್ರದಲ್ಲಿ ಬರೆಯಲಿಕ್ಕಾಗಿ ಕೇಳಿರಿ, ಬಾಗಿಲು ಮುಚ್ಚಲಿಕ್ಕಾಗಿ ಅಲ್ಲ.