ಸೋಲುವ ಹಕ್ಕು ಯಾರಿಗಿದೆ?

"ಆಟದಲ್ಲಿ ಜಾತಿ, ಬಣ್ಣ ಎಲ್ಲಾ ತರಬೇಡಿ" ಅಂತ ನಮಗೆ ಬುದ್ಧಿ ಹೇಳೋರು ಒಂದ್ಸಲ 2021ರ ಯೂರೋ ಕಪ್ ಫೈನಲ್ ನೋಡಲಿ. ಬರೀ ಪಂದ್ಯ ನೋಡಿದರೆ ಸಾಲದು, ಪಂದ್ಯ ಮುಗಿದ ಮೇಲೆ ಏನಾಯ್ತು ಅನ್ನೋದನ್ನೂ ನೋಡಲಿ. ಆಟದೊಳಕ್ಕೆ ಇದನ್ನೆಲ್ಲ ತಂದವರು ಯಾರು ಅಂತ ಆಗ ಗೊತ್ತಾಗುತ್ತೆ.

ಜುಲೈ 11, ಲಂಡನ್ನಿನ ವೆಂಬ್ಲಿ ಮೈದಾನ. ಇಂಗ್ಲೆಂಡ್ ಮತ್ತು ಇಟಲಿ. 1966ರ ವಿಶ್ವಕಪ್ ಬಿಟ್ಟರೆ ಇಂಗ್ಲೆಂಡಿನ ಪುರುಷರ ತಂಡ ದೊಡ್ಡ ಕಪ್ ಒಂದನ್ನೂ ಗೆದ್ದಿರಲಿಲ್ಲ. 55 ವರ್ಷದ ಹಸಿವು. ಎರಡನೇ ನಿಮಿಷದಲ್ಲೇ ಲ್ಯೂಕ್ ಶಾ ಗೋಲು ಹೊಡೆದರು, ಇಡೀ ಮೈದಾನ ಹುಚ್ಚೆದ್ದು ಕುಣಿಯಿತು. ಆಮೇಲೆ ಇಂಗ್ಲೆಂಡ್ ಹಿಂದೆ ಸರಿದು ಇದ್ದದ್ದನ್ನು ಕಾಯುತ್ತಾ ನಿಂತಿತು. 67ನೇ ನಿಮಿಷದಲ್ಲಿ ಬೊನುಚ್ಚಿ ಸಮ ಮಾಡಿದರು. ಹೆಚ್ಚುವರಿ ಅರ್ಧ ಗಂಟೆಯಲ್ಲೂ ತೀರ್ಮಾನ ಆಗಲಿಲ್ಲ. ಪೆನಾಲ್ಟಿ ಶೂಟೌಟ್.

ಇಲ್ಲಿ ಲೆಕ್ಕ ಸರಿಯಾಗಿ ಇಡೋಣ, ಯಾಕಂದ್ರೆ ಲೆಕ್ಕದಲ್ಲೇ ಮೋಸ ಇರೋದು. ಇಂಗ್ಲೆಂಡ್ ಪರವಾಗಿ ಕೇನ್, ಮಗ್ವೈರ್ ಗೋಲು ಹೊಡೆದರು. ರಾಶ್‌ಫೋರ್ಡ್ ಒದ್ದ ಚೆಂಡು ಕಂಬಕ್ಕೆ ಬಡಿಯಿತು. ಸ್ಯಾಂಚೊ, ಸಾಕಾ ಒದ್ದದ್ದನ್ನು ಇಟಲಿ ಗೋಲ್‌ಕೀಪರ್ ಡೊನ್ನರುಮ್ಮ ತಡೆದರು. ಇಟಲಿಯ ಬೆಲೊಟ್ಟಿ ಮತ್ತು ಜಾರ್ಜಿನ್ಯೊ ಒದ್ದದ್ದೂ ಒಳಗೆ ಹೋಗಲಿಲ್ಲ, ಇಂಗ್ಲೆಂಡಿನ ಪಿಕ್‌ಫೋರ್ಡ್ ತಡೆದರು. 3-2. ಅಂದರೆ ಹತ್ತು ಒದೆತದಲ್ಲಿ ಐದು ತಪ್ಪಿದವು. ಪೆನಾಲ್ಟಿ ತಪ್ಪೋದು ಅಷ್ಟು ಮಾಮೂಲಿ.

ರಾಶ್‌ಫೋರ್ಡ್‌ಗೆ 23, ಸ್ಯಾಂಚೊಗೆ 21, ಸಾಕಾಗೆ ಬರೀ 19 ವರ್ಷ. ಮೊದಲಿಬ್ಬರನ್ನು ಪೆನಾಲ್ಟಿಗೆಂದೇ ಆಟದ ಕೊನೇ ಗಳಿಗೆಯಲ್ಲಿ ಇಳಿಸಿದ್ದು. ಯಾರು ಒದೀಬೇಕು ಅಂತ ತೀರ್ಮಾನ ಮಾಡಿದ್ದು ನಾನೇ, ಹೊಣೆ ನನ್ನದೇ ಅಂತ ಕೋಚ್ ಸೌತ್‌ಗೇಟ್ ಹೇಳಿದರು. ಕೇಳಿಸಿಕೊಳ್ಳೋ ಪುರುಸೊತ್ತು ಯಾರಿಗಿತ್ತು? ಮೂವರೂ ಕಪ್ಪು ಹುಡುಗರು. ಅಷ್ಟು ಸಾಕಾಯ್ತು. ಅವರ ಇನ್‌ಸ್ಟಾಗ್ರಾಮ್, ಟ್ವಿಟರ್ ತುಂಬಾ ಕೋತಿ ಚಿತ್ರ, ಬಾಳೆಹಣ್ಣಿನ ಚಿತ್ರ, "ನಿಮ್ಮ ದೇಶಕ್ಕೆ ತೊಲಗಿ" ಅನ್ನೋ ಮಾತು. ಯಾವ ದೇಶಕ್ಕೆ ಸ್ವಾಮಿ? ಒಬ್ಬರು ಮ್ಯಾಂಚೆಸ್ಟರ್‌ನಲ್ಲಿ ಹುಟ್ಟಿದವರು, ಇನ್ನಿಬ್ಬರು ಲಂಡನ್ನಿನಲ್ಲೇ ಹುಟ್ಟಿದವರು.

ಕೆಲವು ದಿನ ಬಿಟ್ಟು ಸಾಕಾ ಒಂದು ಮಾತು ಬರೆದರು: ನನಗೆ ಎಂಥಾ ದ್ವೇಷ ಬರಲಿದೆ ಅನ್ನೋದು ಆ ಕ್ಷಣವೇ ಗೊತ್ತಾಗಿತ್ತು ಅಂತ. 19ರ ಹುಡುಗನಿಗೆ ಸೋಲಿನ ದುಃಖ ಪಡೋಕೂ ಬಿಡುವಿಲ್ಲ, ಮುಂದೆ ಬೀಳೋ ಏಟಿಗೆ ಮೈ ಗಟ್ಟಿ ಮಾಡ್ಕೋಬೇಕು. ಈ ಮುನ್ನೆಚ್ಚರಿಕೆ ನಮಗೆ ಯಾರೂ ಕಲಿಸಿಕೊಡಬೇಕಾಗಿಲ್ಲ.

"ಸೋತಾಗ ಎಲ್ಲರನ್ನೂ ಬೈತಾರೆ, ಬೆಕ್‌ಹ್ಯಾಮ್‌ಗೂ ಬೈದಿದ್ರು" ಅಂತ ವಾದ ಬರುತ್ತೆ. ನಿಜ. 1998ರಲ್ಲಿ ಅರ್ಜೆಂಟೀನಾ ಎದುರು ರೆಡ್ ಕಾರ್ಡ್ ಬಿದ್ದಾಗ ಬೆಕ್‌ಹ್ಯಾಮ್ ಪ್ರತಿಕೃತಿಯನ್ನೇ ನೇಣಿಗೆ ಹಾಕಿದ್ದರು. ಅದೂ ಹೊಲಸೇ. ಆದರೆ ಅವರನ್ನು ಬೈದದ್ದು ಅವರು ಮಾಡಿದ ಕೆಲಸಕ್ಕೆ. ನೀನು ಮನುಷ್ಯನೇ ಅಲ್ಲ, ಈ ದೇಶದವನೇ ಅಲ್ಲ ಅಂತ ಯಾರೂ ಹೇಳಲಿಲ್ಲ. ಇನ್ನು ಸೌತ್‌ಗೇಟ್ ಕತೆ ಕೇಳಿ. 1996ರ ಯೂರೋ ಸೆಮಿಫೈನಲ್, ಅದೂ ಹಳೇ ವೆಂಬ್ಲಿಯಲ್ಲೇ, ಜರ್ಮನಿ ಎದುರು ಇವರೂ ಪೆನಾಲ್ಟಿ ತಪ್ಪಿಸಿದ್ದರು. ಆಮೇಲೆ ಏನಾಯ್ತು? ತಲೆಗೆ ಪೇಪರ್ ಚೀಲ ಹಾಕ್ಕೊಂಡು ಪಿಜ್ಜಾ ಹಟ್ ಜಾಹೀರಾತಿನಲ್ಲಿ ಕಾಣಿಸಿಕೊಂಡರು. 20 ವರ್ಷಕ್ಕೆ ಅದೇ ತಂಡದ ಕೋಚ್ ಆದರು. ಆಗಲಿ, ಸಂತೋಷ. ಹಾಗೇ ಆಗಬೇಕು. ಸೋಲು ಒಬ್ಬ ಮನುಷ್ಯನ ಬದುಕಿನಲ್ಲಿ ಒಂದು ದಿನ ಆಗಿರಬೇಕು. ಬಿಳಿಯ ಮನುಷ್ಯನಿಗೆ ಅದು ಸಿಕ್ಕಿತು.

ಬಾರ್ಬೋಸಾಗೆ ಸಿಗಲಿಲ್ಲ. 1950ರ ಜುಲೈ 16, ರಿಯೊದ ಮರಕಾನಾ ಮೈದಾನ, ವಿಶ್ವಕಪ್ ನಿರ್ಧರಿಸೋ ಪಂದ್ಯ. ಡ್ರಾ ಆಗಿದ್ದರೂ ಬ್ರೆಜಿಲ್‌ಗೆ ಕಪ್ಪು. 79ನೇ ನಿಮಿಷದಲ್ಲಿ ಉರುಗ್ವೆಯ ಗಿಜಿಯಾ ಹೊಡೆದ ಗೋಲಿನಿಂದ 2-1 ಸೋಲು. ಇಡೀ ದೇಶದ ಸಿಟ್ಟು ಬಿದ್ದದ್ದು ಕಪ್ಪು ಗೋಲ್‌ಕೀಪರ್ ಬಾರ್ಬೋಸಾ ಮೇಲೆ, ಜೊತೆಗೆ ಬಿಗೋಡೆ, ಜುವೆನಾಲ್ ಅನ್ನೋ ಇನ್ನಿಬ್ಬರು ಕಪ್ಪು ರಕ್ಷಣಾ ಆಟಗಾರರ ಮೇಲೆ. 1993ರಲ್ಲೂ ಆ ಮುದುಕನನ್ನು ಬ್ರೆಜಿಲ್ ತಂಡದ ತರಬೇತಿ ಜಾಗದೊಳಗೆ ಬಿಡಲಿಲ್ಲ, ಅಪಶಕುನ ಅಂತ. ಈ ದೇಶದಲ್ಲಿ ಅತಿ ದೊಡ್ಡ ಶಿಕ್ಷೆ 30 ವರ್ಷ, ನಾನು 50 ವರ್ಷ ಅನುಭವಿಸಿದೆ ಅಂತ ಹೇಳಿ ಅವರು 2000ದಲ್ಲಿ ತೀರಿಕೊಂಡರು.

ದೂರದ ಕತೆ ಅನ್ನಿಸುತ್ತಾ? ವೆಂಬ್ಲಿ ಫೈನಲ್ ಆಗಿ 24 ದಿನಕ್ಕೆ, 2021ರ ಆಗಸ್ಟ್ 4ರಂದು ಟೋಕಿಯೊ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಭಾರತದ ಮಹಿಳಾ ಹಾಕಿ ತಂಡ ಸೋತಿತು. ಹರಿದ್ವಾರದ ರೋಶನಾಬಾದಿನಲ್ಲಿ ವಂದನಾ ಕಟಾರಿಯಾ ಮನೆ ಮುಂದೆ ಪಟಾಕಿ ಹೊಡೆದರು, ಕುಣಿದರು, ತಂಡದಲ್ಲಿ ದಲಿತರು ಜಾಸ್ತಿ ಆಗಿದ್ದಕ್ಕೇ ಸೋತದ್ದು ಅಂದರು ಅಂತ ಮನೆಯವರು ಪೊಲೀಸರಿಗೆ ದೂರು ಕೊಟ್ಟರು. ದೇಶ ಸೋತದ್ದಕ್ಕೆ ಪಟಾಕಿ! ಇವರ ದೇಶಭಕ್ತಿ ಜಾತಿಯ ಮುಂದೆ ಎಷ್ಟು ಹೊತ್ತು ನಿಲ್ಲುತ್ತೆ ನೋಡ್ಕೊಳ್ಳಿ.

ಈಗ ನಮ್ಮವರಿಗೂ ಒಂದು ಮಾತು. ರಾಶ್‌ಫೋರ್ಡ್ ಪರ ನಿಂತವರು ಏನಂದರು? "ಬಡ ಮಕ್ಕಳಿಗೆ ಅನ್ನ ಕೊಡಿಸಿದವನು ಅವನು." ಹೌದು, 2020ರಲ್ಲಿ ಶಾಲಾ ಮಕ್ಕಳ ಉಚಿತ ಊಟದ ವಿಚಾರದಲ್ಲಿ ಸರ್ಕಾರವನ್ನೇ ಮಣಿಸಿದವರು. ಅದಕ್ಕೇ, ಫೈನಲ್ ಸೋತ ರಾತ್ರಿ ಆಡಳಿತ ಪಕ್ಷದ ಸಂಸದೆಯೊಬ್ಬರು, ಈತ ರಾಜಕೀಯ ಬಿಟ್ಟು ಆಟ ಕಲೀಬೇಕಿತ್ತು ಅಂತ ಕುಟುಕಿ, ಆಮೇಲೆ ಕ್ಷಮೆ ಕೇಳಿದರು. ವಂದನಾ ಪರ ನಿಂತವರೂ "ಒಲಿಂಪಿಕ್ಸ್‌ನಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲ ಭಾರತೀಯ ಮಹಿಳೆ" ಅಂದರು. ಅದೂ ನಿಜ. ಆದರೆ ಹ್ಯಾಟ್ರಿಕ್ ಹೊಡೀದೇ ಇದ್ದಿದ್ರೆ? ಆಗ ಮನೆ ಮುಂದೆ ಪಟಾಕಿ ಹೊಡೀಬಹುದಿತ್ತಾ? ಸಾಕಾ ಆಗ ಯಾರಿಗೂ ಅನ್ನ ಕೊಡಿಸಿರಲಿಲ್ಲ, ಪೆನಾಲ್ಟಿ ತಪ್ಪಿಸಿದ ಒಬ್ಬ ಹುಡುಗ ಅಷ್ಟೇ. ಅಷ್ಟೇ ಆಗಿದ್ದರೂ ಅವನ ಘನತೆ ಪೂರ್ತಿ ಅವನದೇ.

ಸಾಧನೆ ಪಟ್ಟಿ ತೋರಿಸಿ ಘನತೆ ಕೇಳೋದು ಅಂದರೆ ಅವರ 'ಮೆರಿಟ್' ಬಲೆಗೆ ನಾವೇ ಹೋಗಿ ಬಿದ್ದಂತೆ. ಅವರ ಹುಡುಗ ಫೇಲಾದರೆ ಆ ಹುಡುಗ ಫೇಲು. ನಮ್ಮ ಹುಡುಗಿ ಫೇಲಾದರೆ ಇಡೀ ಕೇರಿ ಫೇಲು, ಮೀಸಲಾತಿ ಫೇಲು. ಗೆದ್ದವರ ಫೋಟೊಗೆ ಜೈಕಾರ ಹಾಕೋದು ಸುಲಭ. ನಮ್ಮ ಮಕ್ಕಳು ಸೋತ ದಿನ, ಅಂಕ ಕಡಿಮೆ ಬಂದ ದಿನ, ಇಂಟರ್ವ್ಯೂನಲ್ಲಿ ಮಾತು ತೊದಲಿದ ದಿನ ಅವರ ಪಕ್ಕ ನಿಲ್ಲಬೇಕು. ಎಲ್ಲರ ಹಾಗೆ ಸಾಧಾರಣವಾಗಿ ಸೋತು, ಮಾರನೇ ದಿನ ಎದ್ದು ಕೆಲಸಕ್ಕೆ ಹೋಗುವ ಹಕ್ಕೂ ಸಮಾನತೆಯೇ.

ರಾಶ್‌ಫೋರ್ಡ್ ಆ ಪೆನಾಲ್ಟಿಗೆ ಕ್ಷಮೆ ಕೇಳಿದರು. ಆದರೆ ನಾನು ಯಾರು, ಎಲ್ಲಿಂದ ಬಂದೆ ಅನ್ನೋದಕ್ಕೆ ಯಾವತ್ತೂ ಕ್ಷಮೆ ಕೇಳಲ್ಲ ಅಂದರು. ನಾವೂ ಕೇಳಲ್ಲ.

ಜೈ ಭೀಮ್.