ಹಳೆಯ ಆಟಗಳ ಜೀರ್ಣೋದ್ಧಾರವೂ ಅಭಿಮಾನಿಗಳ ಕೋಪವೂ

೨೦೨೨ನೆಯ ಇಸವಿಯ ಜೂನ್ ತಿಂಗಳ ಕಡೆಯ ದಿನಗಳಲ್ಲಿ ಕಂಪ್ಯೂಟರ್ ಆಟಗಳ ಲೋಕದೊಳಗೆ ಎರಡು ಗದ್ದಲಗಳು ಒಂದರ ಬೆನ್ನಿಗೊಂದು ಎದ್ದವು. ಎರಡೂ ಹಳೆಯ ಸಾಹಸದ ಆಟಗಳನ್ನು ಕುರಿತವು. ಎರಡರಲ್ಲಿಯೂ ಕೂಗಿದವರು ಆ ಆಟಗಳ ಅಭಿಮಾನಿಗಳೇ. ದೂರದಿಂದ ನೋಡುವವರಿಗೆ ಎರಡೂ ಒಂದೇ ಬಗೆಯ ಹುಡುಗಾಟವೆಂದು ತೋರುವುದು ಸಹಜವು. ನನ್ನ ವಾದವಾದರೋ, ಅವುಗಳಲ್ಲಿ ಒಂದು ನ್ಯಾಯವಾದ ಕೂಗು, ಇನ್ನೊಂದು ಶುದ್ಧ ಅನ್ಯಾಯ ಎಂಬುದು. ಈ ಭೇದವನ್ನು ಅರಿಯದವರು ಹಳೆಯ ಕೃತಿಗಳನ್ನು ಕಾಪಾಡಲಾರರು, ಹೊಸದನ್ನು ಸವಿಯಲೂ ಆರರು.

ಸಾಹಿತ್ಯಸಂಘದ ಮಾಸಪತ್ರಿಕೆಯಲ್ಲಿ ಆಟದ ವಿಚಾರವೇಕೆ ಎಂದು ಹುಬ್ಬೇರಿಸುವ ಹಿರಿಯರು ಇಲ್ಲದಿಲ್ಲ. ಅವರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಸಾಹಸದ ಆಟವೆಂಬುದು ಬರಿಯ ಗುಂಡು ಹಾರಿಸುವ ಆಟವಲ್ಲ; ಅದೊಂದು ಕಥೆ. ಆಡುವವನು ಕಥಾನಾಯಕನನ್ನು ಊರಿಂದೂರಿಗೆ ನಡೆಸಿ, ಕಂಡವರೊಡನೆ ಮಾತನಾಡಿಸಿ, ಸಿಕ್ಕಿದ ಸಾಮಾನುಗಳನ್ನು ಜೋಳಿಗೆಗೆ ಸೇರಿಸಿ, ಒಗಟುಗಳನ್ನು ಬಿಡಿಸುತ್ತ ಬಿಡಿಸುತ್ತ ಕಥೆಯನ್ನು ಮುಂದಕ್ಕೆ ಒಯ್ಯಬೇಕು. ರೋಬರ್ಟಾ ವಿಲಿಯಮ್ಸ್ ಎಂಬ ಮಹಿಳೆಯು ೧೯೮೪ರಲ್ಲಿ ರಚಿಸಿದ ‘ಕಿಂಗ್ಸ್ ಕ್ವೆಸ್ಟ್’ ಮೊದಲಾದ ಈ ಬಗೆಯ ಆಟಗಳು, ಇಂದು ನಲವತ್ತು ಐವತ್ತರ ಪ್ರಾಯದಲ್ಲಿರುವ ಎಷ್ಟೋ ಜನರಿಗೆ ಬಾಲ್ಯದ ಕಥೆಪುಸ್ತಕದ ಸ್ಥಾನದಲ್ಲಿವೆ. ಬಾಲ್ಯದ ಪುಸ್ತಕಕ್ಕೆ ಯಾರೋ ಹೊಸ ಚಿತ್ರ ಬರೆಸಿದರೆ ಮನಸ್ಸಿಗೆ ಏನಾಗುವುದೆಂಬುದನ್ನು ಓದುವ ಮನೆಗಳವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಮೊದಲು ಅನ್ಯಾಯದ ಮಾತು. ೧೯೯೦ರಲ್ಲಿ ಅಮೆರಿಕದ ಲ್ಯೂಕಾಸ್‌ಫಿಲ್ಮ್ ಗೇಮ್ಸ್ ಸಂಸ್ಥೆಯಿಂದ ‘ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್’ ಎಂಬ ಆಟ ಹೊರಬಿದ್ದಿತು. ರಾನ್ ಗಿಲ್ಬರ್ಟ್ ಅದರ ಮುಖ್ಯ ಕರ್ತೃ. ಟಿಮ್ ಶೇಫರ್, ಡೇವ್ ಗ್ರಾಸ್‌ಮನ್ ಎಂಬವರು ಜೊತೆಗಾರರು. ಕಡಲುಗಳ್ಳನಾಗಬೇಕೆಂದು ಹಟತೊಟ್ಟು ಹೊರಟ ಗೈಬ್ರಷ್ ಎಂಬ ಪೆದ್ದು ಹುಡುಗನ ಕಥೆ ಅದು. ಮರುವರ್ಷ ಅದರ ಎರಡನೆಯ ಭಾಗವನ್ನು ಮುಗಿಸಿ ಗಿಲ್ಬರ್ಟ್ ಆ ಸಂಸ್ಥೆಯನ್ನು ಬಿಟ್ಟನು. ಮುಂದಿನ ಭಾಗಗಳನ್ನು ಬೇರೆಯವರು ಬರೆದರು. ಮೂವತ್ತು ವರ್ಷಗಳ ತರುವಾಯ, ೨೦೨೨ರ ಏಪ್ರಿಲಿನಲ್ಲಿ, ಗಿಲ್ಬರ್ಟ್ ತಾನೇ ‘ರಿಟರ್ನ್ ಟು ಮಂಕಿ ಐಲೆಂಡ್’ ಎಂಬ ಹೊಸ ಭಾಗವನ್ನು ಸಿದ್ಧಪಡಿಸಿರುವುದಾಗಿ ಸಾರಿದಾಗ ಅಭಿಮಾನಿಗಳು ಹಿಗ್ಗಿದರು. ಆ ಹಿಗ್ಗು ಮೂರು ತಿಂಗಳೂ ಬಾಳಲಿಲ್ಲ. ಜೂನ್ ಕೊನೆಗೆ ಆಟದ ದೃಶ್ಯಗಳನ್ನು ತೋರಿಸಲಾಗಿ, ರೆಕ್ಸ್ ಕ್ರೌಲ್ ಎಂಬ ಕಲಾವಿದನ ನೇತೃತ್ವದಲ್ಲಿ ಬರೆದ ಚಿತ್ರಗಳು ಕಾಗದ ಕತ್ತರಿಸಿ ಅಂಟಿಸಿದಂತೆ ಕೋನಕೋನವಾಗಿ, ಹಳೆಯ ಚುಕ್ಕೆಗಳ ಮಾದರಿಗೆ ದೂರವಾಗಿ ಕಂಡವು. ಅಷ್ಟೇ ಸಾಕಾಯಿತು. ಟೀಕೆ ಬೈಗುಳಾಯಿತು, ಬೈಗುಳು ಚಿತ್ರವನ್ನು ಬಿಟ್ಟು ಮನುಷ್ಯರ ಮೇಲೆ ಹರಿಯಿತು. ಗಿಲ್ಬರ್ಟ್ ತನ್ನ ಜಾಲತಾಣದಲ್ಲಿ ವಾಚಕರ ಅಭಿಪ್ರಾಯಗಳಿಗೆ ತೆರೆದಿಟ್ಟಿದ್ದ ಬಾಗಿಲನ್ನು ಮುಚ್ಚಿ, ಈ ಆಟದ ವಿಷಯವಾಗಿ ಇನ್ನು ಅಲ್ಲಿ ಬರೆಯುವುದಿಲ್ಲವೆಂದು ತಿಳಿಸಬೇಕಾಯಿತು.

ಇದರಲ್ಲಿರುವ ವಿಡಂಬನೆಯನ್ನು ನೋಡಿರಿ. ಈ ಆಟದಲ್ಲಿ ಕತ್ತಿವರಸೆ ಉಂಟು. ಆದರೆ ಗೆಲ್ಲುವುದು ಕತ್ತಿಯ ಬಲದಿಂದಲ್ಲ. ಎದುರಾಳಿಯು ಹೀನಾಯದ ಮಾತೊಂದನ್ನು ಎಸೆದರೆ, ಅದಕ್ಕೆ ತಕ್ಕ ಚತುರವಾದ ಮರುಮಾತನ್ನು ಕೊಟ್ಟವನೇ ಗೆಲ್ಲುವನು. ಮಾತು ತೋಚದವನು ಹಿಂದೆ ಸರಿಯಬೇಕು. ಇಂತಹ ಆಟವನ್ನು ಮೂವತ್ತು ವರ್ಷ ಆಡಿ ತಲೆಯ ಮೇಲೆ ಹೊತ್ತವರು, ಅದರ ಕರ್ತೃವಿನ ಮೇಲೆ ಎಸೆದ ಮಾತುಗಳಲ್ಲಿ ಚಾತುರ್ಯದ ಗಂಧವೂ ಇರಲಿಲ್ಲ. ಆಟದ ನಿಯಮದಂತೆ ನೋಡಿದರೂ ಅವರು ಸೋತವರೇ.

ಆ ಪಕ್ಷದವರ ವಾದಗಳನ್ನು ಪರಿಶೀಲಿಸದೆ ಬಿಡುವುದು ನ್ಯಾಯವಲ್ಲ. ಅವರ ಮೊದಲನೆಯ ಆಧಾರವು ಗಿಲ್ಬರ್ಟನ ಮಾತೇ ಆಗಿದೆ. ೨೦೧೩ರಲ್ಲಿ ಆತನು, ತಾನು ಮತ್ತೊಂದು ‘ಮಂಕಿ ಐಲೆಂಡ್’ ಮಾಡುವುದಾದರೆ ಅದು ಹಳೆಯ ಚುಕ್ಕೆಗಳ ಮಾದರಿಯಲ್ಲಿಯೇ ಇರುವುದೆಂದು ಬರೆದಿದ್ದನು. ನಿಜ. ಆದರೆ ಆಗ ಆ ಆಟದ ಹಕ್ಕು ಆತನದಾಗಿರಲಿಲ್ಲ. ಲ್ಯೂಕಾಸ್‌ಫಿಲ್ಮಿನೊಡನೆ ಅದು ೨೦೧೨ರಲ್ಲಿಯೇ ಡಿಸ್ನಿ ಸಂಸ್ಥೆಯ ವಶವಾಗಿತ್ತು. ಹಕ್ಕು ಕೈಯಲ್ಲಿಲ್ಲದ ಮನುಷ್ಯನೊಬ್ಬನು ಕಟ್ಟಿದ ಮನೋರಾಜ್ಯವನ್ನು ಕರಾರುಪತ್ರವೆಂದು ಓದುವವರಿಗೆ ಏನೆನ್ನಬೇಕು? ಇದಲ್ಲದೆ ೨೦೧೭ರಲ್ಲಿ ಆತನು ‘ತಿಂಬಲ್‌ವೀಡ್ ಪಾರ್ಕ್’ ಎಂಬ ಆಟವನ್ನು ಅದೇ ಹಳೆಯ ರೀತಿಯಲ್ಲಿ ಮಾಡಿ ಮುಗಿಸಿದ್ದನು. ಒಮ್ಮೆ ತೀರಿಸಿಕೊಂಡ ಹಂಬಲವನ್ನು ಮತ್ತೊಮ್ಮೆ ತೀರಿಸಿಕೊಳ್ಳೆಂದು ಯಾವ ಕಲಾವಿದನನ್ನೂ ಬಲವಂತಪಡಿಸಲಾಗದು.

ಎರಡನೆಯ ವಾದವು ಗಟ್ಟಿಯಾದದ್ದು: ಮೂಲದ ರೂಪವನ್ನು ಕೆಡಿಸಬಾರದು ಎಂಬುದು. ಆದರೆ ಮೂಲವೆಂದರೆ ಯಾವುದು? ಇಲ್ಲಿ ಸ್ವಲ್ಪ ನಿಲ್ಲಬೇಕು. ೧೯೯೦ರಲ್ಲಿ ಮೊದಲು ಹೊರಬಂದ ಆಟಕ್ಕೆ ಇದ್ದುದು ಹದಿನಾರೇ ಬಣ್ಣ. ಪರದೆಯ ಅಗಲಕ್ಕೆ ೩೨೦ ಚುಕ್ಕೆ, ಎತ್ತರಕ್ಕೆ ೨೦೦. ಈ ಬಡತನದೊಳಗೆಯೇ ಮಾರ್ಕ್ ಫೆರಾರಿಯಂತಹ ಚಿತ್ರಕಾರರು ಎರಡು ಬಣ್ಣದ ಚುಕ್ಕೆಗಳನ್ನು ಒಂದು ಬಿಟ್ಟು ಒಂದರಂತೆ ಹೆಣೆದು, ಇಲ್ಲದ ಮೂರನೆಯ ಬಣ್ಣವನ್ನು ಕಣ್ಣಿಗೆ ಕಾಣಿಸಿದರು. ನೇಕಾರನು ಹಾಸಿನಲ್ಲೊಂದು ಬಣ್ಣ, ಹೊಕ್ಕಿನಲ್ಲೊಂದು ಬಣ್ಣವಿಟ್ಟು ಸೀರೆಯ ಮೈಯಲ್ಲಿ ಮೂರನೆಯದನ್ನು ಮಿನುಗಿಸುವಂತಹ ಕೆಲಸ ಅದು. ಅಂದಿನ ಗಾಜಿನ ಕೊಳವೆಯ ಪರದೆಯೂ ಆ ಚುಕ್ಕೆಗಳ ಅಂಚನ್ನು ತುಸು ಮೆದುಮಾಡಿ ಚಿತ್ರಕಾರನಿಗೆ ನೆರವಾಗುತ್ತಿತ್ತು. ಇಂದಿನ ಚಪ್ಪಟೆ ಪರದೆಯ ಮೇಲೆ ಅದೇ ಚಿತ್ರವನ್ನು ಹಿಗ್ಗಿಸಿದರೆ ಕಾಣುವುದು ಹರಿತವಾದ ಚೌಕಗಳ ರಾಶಿ. ಹೀಗೆಂದಮೇಲೆ, ಹಳೆಯದನ್ನು ಹಳೆಯದಾಗಿಯೇ ನೋಡುತ್ತೇನೆಂಬ ಅಭಿಮಾನಿಯು ನೋಡುತ್ತಿರುವುದು ತನ್ನ ಬಾಲ್ಯದ ಚಿತ್ರವನ್ನಲ್ಲ.

ಅಷ್ಟೇ ಅಲ್ಲ. ಅಲ್ಪಕಾಲದಲ್ಲಿಯೇ ಅದೇ ಆಟ ೨೫೬ ಬಣ್ಣಗಳಲ್ಲಿ ಮತ್ತೆ ಬರೆಯಲ್ಪಟ್ಟು ಹೊರಬಂದಿತು. ೧೯೯೨ರಲ್ಲಿ ಸೀ.ಡಿ.ಯ ಆವೃತ್ತಿಯು ಬಂದಿತು. ಎರಡನೆಯ ಭಾಗದ ಹಿನ್ನೆಲೆಗಳನ್ನು ಕುಂಚದಿಂದ ಕಾಗದದ ಮೇಲೆ ಬರೆದು ಯಂತ್ರಕ್ಕೆ ಇಳಿಸಿದರು. ೧೯೯೭ರ ಮೂರನೆಯ ಭಾಗವು ವ್ಯಂಗ್ಯಚಿತ್ರದ ಸಿನೆಮಾದಂತಿತ್ತು. ೨೦೦೦ದ ನಾಲ್ಕನೆಯದು ಮೂರು ಆಯಾಮದ ಬೊಂಬೆಗಳದಾಯಿತು. ಒಂದು ಭಾಗದ ಮುಖವಾದರೂ ಹಿಂದಿನದರಂತೆ ಇಲ್ಲ. ಆಯಾ ಅಭಿಮಾನಿಯು ‘ಮೂಲ’ವೆನ್ನುವುದು, ಆತನಿಗೆ ಹನ್ನೆರಡು ವರ್ಷವಾಗಿದ್ದಾಗ ಮನೆಯಲ್ಲಿ ಇದ್ದ ಆವೃತ್ತಿ ಎಂದಷ್ಟೇ ಅರ್ಥ.

ಇಷ್ಟು ಬರೆದಮೇಲೆ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ೨೦೦೯ರ ಜುಲೈಯಲ್ಲಿ ಮೊದಲನೆಯ ಆಟದ ಪುನರ್ನಿರ್ಮಾಣವು ‘ಸ್ಪೆಷಲ್ ಎಡಿಷನ್’ ಎಂಬ ಹೆಸರಿನಿಂದ ಬಂದಾಗ ನಾನೂ ದೂಷಕರ ಪಂಕ್ತಿಯಲ್ಲಿಯೇ ಕುಳಿತವನು. ಗೈಬ್ರಷನ ತಲೆಗೂದಲನ್ನು ಅವರು ಬರೆದ ಬಗೆ ನನಗೆ ಸರ್ವಥಾ ಹಿಡಿಸಲಿಲ್ಲ, ಇಂದಿಗೂ ಹಿಡಿಸಿಲ್ಲ. ಸ್ನೇಹಿತರೆದುರು ಬೇಕಾದಷ್ಟು ಹಲುಬಿದೆನು. ಆಮೇಲೆ ಒಂದು ಸಂಜೆ, ಆ ಆಟದಲ್ಲಿ ಎಫ್ ೧೦ ಎಂಬ ಕೀಲಿಯನ್ನು ಒತ್ತಿದೆನು. ಹೊಸ ಚಿತ್ರವೆಲ್ಲ ಮಾಯವಾಗಿ ಹಳೆಯ ಆಟ, ನಾಯಕನು ನಿಂತಿದ್ದ ಅದೇ ಜಾಗದಲ್ಲಿ, ಅದೇ ಗಳಿಗೆಯಲ್ಲಿ ಎದುರಿಗೆ ಬಂದಿತು. ಮತ್ತೊಮ್ಮೆ ಒತ್ತಿದರೆ ಮತ್ತೆ ಹೊಸದು. ನನ್ನ ಹಲುಬಾಟಕ್ಕೆ ಆಧಾರವೇ ಉಳಿಯಲಿಲ್ಲ. ನನ್ನ ಮಗಳು ಹೊಸದನ್ನು ಆಡಿದಳು, ನಾನು ಹಳೆಯದನ್ನು ಆಡಿದೆನು. ಸಿಕ್ಕಿಬಿದ್ದ ಒಗಟನ್ನು ಮಾತ್ರ ಅವಳೇ ಬಿಡಿಸಿದಳು. ಯಾರಿಂದಲೂ ಏನನ್ನೂ ಕಸಿದುಕೊಂಡಿರಲಿಲ್ಲ. ೨೦೨೨ರ ಹೊಸ ಭಾಗವಂತೂ ಪುನರ್ನಿರ್ಮಾಣವೇ ಅಲ್ಲ, ಬೇರೆಯೇ ಕೃತಿ. ಅದರಿಂದ ಹಳೆಯ ಆಟದ ಒಂದು ಚುಕ್ಕೆಯೂ ಅಳಿಯಲಿಲ್ಲ. ಹಾಗಿರುವಾಗ ಈ ಜನರಿಗೆ ಆದ ನಷ್ಟವಾದರೂ ಏನು?

ಈಗ ನ್ಯಾಯವಾದ ಕೂಗಿನ ಕಡೆಗೆ ಬರೋಣ. ೧೯೯೭ರಲ್ಲಿ ವೆಸ್ಟ್‌ವುಡ್ ಸ್ಟುಡಿಯೋಸ್ ಎಂಬ ಸಂಸ್ಥೆಯು ‘ಬ್ಲೇಡ್ ರನ್ನರ್’ ಚಲಚ್ಚಿತ್ರದ ಲೋಕವನ್ನು ಆಧರಿಸಿ ಅದೇ ಹೆಸರಿನ ಸಾಹಸದ ಆಟವನ್ನು ರಚಿಸಿತ್ತು. ಅದರ ಮೂಲ ಸಂಕೇತಲಿಪಿ, ಎಂದರೆ ಆಟವನ್ನು ಕಟ್ಟಿದ ಬರಹವೇ, ಕಳೆದುಹೋಯಿತು. ಹೊಸ ಯಂತ್ರಗಳಲ್ಲಿ ಆಟ ನಡೆಯದಾಯಿತು. ಆಗ ಕೈಕೊಟ್ಟವರು ಯಾರು? ಸ್ಕಮ್‌ವಿಎಂ ಎಂಬ ಉಚಿತ ತಂತ್ರಾಂಶದ ಕೆಲಸಗಾರರು. ೨೦೦೧ರಲ್ಲಿ ಹುಟ್ಟಿದ ಈ ತಂತ್ರಾಂಶವು ಮೊದಲು ‘ಮಂಕಿ ಐಲೆಂಡ್’ ಮನೆತನದ ಆಟಗಳನ್ನೇ ಹೊಸ ಯಂತ್ರಗಳ ಮೇಲೆ ನಡೆಸಲು ಹೊರಟದ್ದು. ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ, ‘ಬ್ಲೇಡ್ ರನ್ನರ್’ ಆಟದ ಒಳಗುಟ್ಟನ್ನು ವರ್ಷಗಟ್ಟಲೆ ಬಿಡಿಸಿ ಬಿಡಿಸಿ ಅವರು ಅದನ್ನು ಮತ್ತೆ ನಡೆಯುವಂತೆ ಮಾಡಿದರು. ಅವರ ಶ್ರಮದ ಬಲದಿಂದಲೇ ೨೦೧೯ರ ಡಿಸೆಂಬರಿನಲ್ಲಿ ಜಿಓಜಿ ಎಂಬ ಅಂಗಡಿಯು ಆಟವನ್ನು ಮಾರಲು ತೊಡಗಿತು.

೨೦೨೨ರ ಜೂನ್ ೨೩ರಂದು ನೈಟ್‌ಡೈವ್ ಸ್ಟುಡಿಯೋಸ್ ಅದರ ‘ಎನ್‌ಹ್ಯಾನ್ಸ್ಡ್ ಎಡಿಷನ್’ ಅನ್ನು ಹೊರತಂದಿತು. ಹೆಸರಿನ ಅರ್ಥ ‘ಉತ್ತಮಪಡಿಸಿದ್ದು’ ಎಂದು. ಉತ್ತಮಪಡಿಸುವ ಭರದಲ್ಲಿ ಚಿತ್ರಗಳ ಸೂಕ್ಷ್ಮಗಳು ತೊಳೆದುಹೋಗಿ, ಮಳೆಯೂ ಹೊಗೆಯೂ ಕೂಡಿದ್ದ ಆ ನಗರದ ಮಬ್ಬು ಸೊಗಸು ಎಣ್ಣೆ ಸವರಿದಂತೆ ನುಣುಪಾಯಿತು. ಹಳೆಯ ಗುಡಿಯ ಕೆತ್ತನೆಯ ಮೇಲೆ ಸುಣ್ಣ ಬಳಿದು ಜೀರ್ಣೋದ್ಧಾರವಾಯಿತೆಂದು ಕಲ್ಲು ನೆಡಿಸುವವರನ್ನು ನಾವು ಕಂಡಿಲ್ಲವೆ? ಆದರೂ ಸುಣ್ಣದ ಮಾತು ರುಚಿಯ ಮಾತು. ಅದಕ್ಕಾಗಿ ನಾನು ಜಗಳಕ್ಕೆ ನಿಲ್ಲೆನು. ನಿಜವಾದ ಅಪರಾಧ ಬೇರೆ ಇತ್ತು. ಹೊಸದು ಬಂದೊಡನೆ, ಅಂಗಡಿಯಲ್ಲಿ ಪ್ರತ್ಯೇಕವಾಗಿ ಸಿಗುತ್ತಿದ್ದ ಹಳೆಯ ಆಟವನ್ನು ತೆಗೆದುಬಿಟ್ಟರು. ಹಳೆಯದು ಬೇಕಾದವನು ಬೇಡವಾದ ಹೊಸದನ್ನೂ ಕೊಂಡೇ ತೀರಬೇಕೆಂದಾಯಿತು. ಬಿಟ್ಟಿ ಕೆಲಸಗಾರರು ಬದುಕಿಸಿಕೊಟ್ಟ ಕೃತಿಯನ್ನು, ಅದಕ್ಕಿಂತ ಕೀಳಾದ ಪ್ರತಿಯ ಬಾಲಕ್ಕೆ ಕಟ್ಟಿ ಮಾರುವ ವ್ಯಾಪಾರವಿದು.

ಇದಕ್ಕೆ ಅಭಿಮಾನಿಗಳು ಕೂಗಿದರು, ಕೂಗತಕ್ಕದ್ದೇ ಆಗಿತ್ತು. ಫಲವೂ ದೊರೆಯಿತು: ಹಳೆಯದನ್ನು ಮತ್ತೆ ಪ್ರತ್ಯೇಕವಾಗಿ ಮಾರಾಟಕ್ಕೆ ಇಟ್ಟರು. ಇಲ್ಲಿ ಕೇಳಿದ್ದೇನು? ಹೊಸದನ್ನು ಸುಡಿರೆಂದಲ್ಲ, ಚಿತ್ರಕಾರನನ್ನು ಓಡಿಸಿರೆಂದಲ್ಲ. ಇದ್ದುದನ್ನು ಇರಗೊಡಿಸಿರಿ ಎಂದಷ್ಟೆ. ಹಳೆಯ ಕೃತಿಯು ಕೈಗೆ ಸಿಗುವಂತಿರಬೇಕು ಎಂಬಲ್ಲಿಯವರೆಗೆ ಅಭಿಮಾನಿಯ ಹಕ್ಕು ಉಂಟು. ಕರ್ತೃವು ಹಳೆಯದನ್ನೇ ಮತ್ತೆ ಮತ್ತೆ ಬರೆಯಬೇಕು ಎಂಬಲ್ಲಿಗೆ ಆ ಹಕ್ಕು ಹೋಗುವುದಿಲ್ಲ.

ಈ ಜಗಳ ಇಂದಿನದಲ್ಲ. ೧೯೯೦ರಲ್ಲಿ ಸಿಯರಾ ಸಂಸ್ಥೆಯು ತನ್ನದೇ ಆದ ‘ಕಿಂಗ್ಸ್ ಕ್ವೆಸ್ಟ್’ ಆಟವನ್ನು ಹೊಸದಾಗಿ ಬರೆಸಿ ಹೊರತಂದಾಗಲೂ, ಕಪ್ಪುಬಿಳುಪಿನ ಸಿನೆಮಾಗಳಿಗೆ ಬಣ್ಣ ಬಳಿಯುವ ಅಪಚಾರಕ್ಕೆ ಅದನ್ನು ಹೋಲಿಸಿದವರಿದ್ದರು. ನಮ್ಮಲ್ಲಿಯೂ ೧೯೭೧ರ ‘ಕಸ್ತೂರಿ ನಿವಾಸ’ಕ್ಕೆ ಬಣ್ಣ ಹಾಕಿ ೨೦೧೪ರಲ್ಲಿ ತೆರೆಗೆ ತಂದರಷ್ಟೆ. ಬಣ್ಣದ್ದು ಬೇಡವಾದವನು ಕಪ್ಪುಬಿಳುಪಿನದನ್ನು ನೋಡಿಕೊಂಡನು, ಮುಗಿಯಿತು.

ನಾವಿಲ್ಲದಿದ್ದರೆ ಈ ಆಟಗಳನ್ನು ಕೇಳುವವರಾರು, ಆದಕಾರಣ ನಾವೇ ಒಡೆಯರು ಎಂದು ಅಭಿಮಾನಿಗಳು ಹೇಳುವುದುಂಟು. ಮೊದಲರ್ಧ ನಿಜ, ಎರಡನೆಯರ್ಧ ಅದರಿಂದ ಹುಟ್ಟದು. ಅಭಿಮಾನಿಗಳು ಆಟಗಳನ್ನು ಉಳಿಸಿದ್ದು ದುಡಿದು, ಗದರಿಸಿ ಅಲ್ಲ. ೧೯೯೮ರ ‘ಗ್ರಿಮ್ ಫಂಡಾಂಗೊ’ ಆಟದಲ್ಲಿ ನಾಯಕನನ್ನು ನಡೆಸುವುದು ಲಾರಿಯನ್ನು ತಿರುಗಿಸಿದಷ್ಟು ಕಷ್ಟವಾಗಿತ್ತು. ಅಭಿಮಾನಿಯೊಬ್ಬನು ಬೈಯುತ್ತ ಕೂಡಲಿಲ್ಲ; ಮೌಸಿನಿಂದ ತೋರಿಸಿದ ಕಡೆಗೆ ನಾಯಕನು ನಡೆಯುವಂತೆ ತಾನೇ ಒಂದು ತಿದ್ದುಪಡಿಯನ್ನು ಬರೆದನು. ೨೦೧೫ರಲ್ಲಿ ಆಟದ ಪುನರ್ನಿರ್ಮಾಣ ಮಾಡಿದವರು ಆ ತಿದ್ದುಪಡಿಯನ್ನೇ ತಮ್ಮ ಆವೃತ್ತಿಗೆ ಸೇರಿಸಿಕೊಂಡರು, ಹಳೆಯ ರೀತಿಯನ್ನೂ ತೆಗೆಯಲಿಲ್ಲ. ೧೯೯೭ರ ‘ರಿವೆನ್’ ಆಟವನ್ನು ಅದರ ಮೂಲ ಸಂಸ್ಥೆಯಾದ ಸಯಾನ್ ೨೦೨೪ರಲ್ಲಿ ಒಗಟುಗಳನ್ನೂ ಬದಲಾಯಿಸಿ ಹೊಸದಾಗಿ ಕಟ್ಟಿತು, ಹಳೆಯದನ್ನು ಅಳಿಸಲಿಲ್ಲ. ಅಲ್ಲಿ ಬೀದಿಜಗಳವೂ ಆಗಲಿಲ್ಲ.

ಇನ್ನೂ ಕೂಗುವ ಉತ್ಸಾಹವುಳ್ಳ ಮಹಾಶಯರಿಗೆ ನಾನು ಒಂದು ಕೆಲಸವನ್ನು ಸೂಚಿಸುತ್ತೇನೆ. ೨೦೦೯ರ ಆವೃತ್ತಿಯಲ್ಲಿ ಎಫ್ ೧೦ ಒತ್ತಿದರೆ ಬರುವ ಹಳೆಯ ಆಟ ೨೫೬ ಬಣ್ಣದ್ದು. ಹದಿನಾರು ಬಣ್ಣದ ಮೊಟ್ಟಮೊದಲಿನದಲ್ಲ. ಫೆರಾರಿ ಮೊದಲಾದವರು ಚುಕ್ಕೆ ಹೆಣೆದು ತೋರಿಸಿದ ಆ ರಾತ್ರಿಯ ಆಕಾಶ ಅದರಲ್ಲಿಲ್ಲ. ಕಾಡಿನ ಮರದ ಬುಡವೊಂದನ್ನು ಪರೀಕ್ಷಿಸಿದರೆ, ಪೆಟ್ಟಿಗೆಯಲ್ಲಿ ಇಲ್ಲವೇ ಇಲ್ಲದ ಇಪ್ಪತ್ತೆರಡನೆಯ ಡಿಸ್ಕನ್ನು ಹಾಕೆಂದು ಆಟವು ಆಡುವವನನ್ನು ಗೇಲಿಮಾಡುತ್ತಿದ್ದ ಹಾಸ್ಯವೂ ಅದರಲ್ಲಿಲ್ಲ. ಹಕ್ಕು ಹಿಡಿದು ಕುಳಿತವರಿಗೆ ಆ ಹದಿನಾರು ಬಣ್ಣದ ಆವೃತ್ತಿಯನ್ನೂ ಜೊತೆಗೆ ಕೊಡಿರೆಂದು ಯಾರಾದರೂ ಮನವಿ ಬರೆದರೆ, ಎರಡನೆಯ ರುಜು ನನ್ನದು.